ಅಧ್ಯಕ್ಷರಾದ ನಮ್ಮ ಭಾವ

ನಮ್ಮ ಭಾವನ ಬಾಯಿ ಸುಮ್ಮನಿದ್ದರೆ ಕತ್ತರಿ ಓಡುವುದಿಲ್ಲ. ಕುರ್ಚಿಯಲ್ಲಿ ಕೂತವರ ಕೊರಳಿಗೆ ಬಟ್ಟೆ ಸುತ್ತಿ, ಬಾಚಣಿಗೆಯನ್ನು ನೀರಿಗದ್ದಿ, ಮೊದಲು ಒಂದು ಸುದ್ದಿ ತೆಗೆಯುತ್ತಾರೆ. ಆಮೇಲೆಯೇ ಕೈ ಮುಂದಕ್ಕೆ ಹೋಗುವುದು. ವಿಶ್ವವಿದ್ಯಾಲಯದ ಹಿಂದಿನ ಗೇಟಿನ ಎದುರಿಗೆ ನಮ್ಮ ಬೀದಿ ಶುರುವಾಗುತ್ತದೆ. ಬೀದಿಯ ಮೊದಲ ಅಂಗಡಿಯೇ ಅವರ ಕಟಿಂಗ್ ಅಂಗಡಿ. ಎರಡು ಕುರ್ಚಿ, ಗೋಡೆಯುದ್ದಕ್ಕೂ ಕನ್ನಡಿ, ಕೂದಲು ಗುಡಿಸಿ ಗುಡಿಸಿ ಸವೆದ ನೆಲ. ಹಲಗೆಯ ಒಂದು ಅಡ್ಡಗೋಡೆಯ ಆಚೆ ನನ್ನ ಹೊಲಿಗೆ ಮೆಷಿನ್ನು. ಪ್ಯಾಂಟಿನ ಕಾಲು ಮಡಿಸುವುದು, ಕೆಟ್ಟ ಜಿಪ್ಪು ಬದಲಿಸುವುದು, ಹೊಟ್ಟೆ ಬಂದವರ ಅಂಗಿ ಬಿಚ್ಚಿ ಸಡಿಲಿಸುವುದು ನನ್ನ ಕೆಲಸ. ನನ್ನ ಗಂಡ ತೀರಿಹೋದ ಮೇಲೆ ಅಕ್ಕ ನನ್ನನ್ನು ಕರೆತಂದು ಅಲ್ಲಿ ಕೂರಿಸಿದಳು. ಹಾಗಾಗಿ ಭಾವನ ಮಾತನ್ನು ನನ್ನಷ್ಟು ಕೇಳಿದವರು ಇನ್ನೊಬ್ಬರಿಲ್ಲ. ಬೇಕಾಗಿ ಕೇಳಿದ್ದಲ್ಲ, ಹಲಗೆ ತೆಳ್ಳಗಿತ್ತು.

ಭಾವ ಓದಿದ್ದು ಕಡಿಮೆ. ಅಪ್ಪ ಹಾಸಿಗೆ ಹಿಡಿದಾಗ ಶಾಲೆಯ ಚೀಲವನ್ನು ಗೂಟಕ್ಕೆ ತಗುಲಿಹಾಕಿ ಕತ್ತರಿ ಹಿಡಿದವರು, ಮತ್ತೆ ಆ ಚೀಲ ಇಳಿಸಲಿಲ್ಲ. ಆದರೆ ಗೇಟಿನಾಚೆಯ ಆ ದೊಡ್ಡ ಕಟ್ಟಡಗಳ ಮೇಲೆ ಅವರಿಗಿದ್ದ ಅಭಿಮಾನ ಅಲ್ಲಿ ಸಂಬಳ ಎಣಿಸುವವರಿಗೂ ಇರಲಿಕ್ಕಿಲ್ಲ. ಯೂನಿವರ್ಸಿಟಿಯ ಅರ್ಧ ತಲೆಗಳು ನನ್ನ ಕೈಕೆಳಗೆ ಬಗ್ಗಿವೆ ಎಂದು ಹೇಳಿಕೊಂಡು ನಗುತ್ತಿದ್ದರು. ಪಾಠ ಹೇಳುವವರ ಕಿವಿಯ ಹಿಂದೆ ಕತ್ತಿ ಆಡಿಸುತ್ತಾ ದೇಶದ ವಿಚಾರ, ನೀರಿನ ವಿಚಾರ, ಮತದಾನದ ವಿಚಾರ ಎಲ್ಲ ಕೇಳಿ ತಿಳಿದುಕೊಳ್ಳುತ್ತಿದ್ದರು. ಕತ್ತಿ ಕೊರಳ ಹತ್ತಿರ ಇರುವಾಗ ಯಾರು ತಾನೇ ಉತ್ತರ ಕೊಡದೆ ಇದ್ದಾರು? ಹೀಗೆ ಕಲಿತದ್ದನ್ನು ಸಂಜೆ ಬೀದಿಯವರಿಗೆ ಹಂಚುತ್ತಿದ್ದರು. ಬೀದಿಯವರು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದರು.

ಮನೆಯಲ್ಲಿ ಮಾತ್ರ ಭಾವನ ಬಾಯಿಗೆ ಬೀಗ. ಅಲ್ಲಿ ಅಕ್ಕನ ರಾಜ್ಯ. ಅಕ್ಕ ಮಾತಿಗೆ ನಿಂತರೆ ತರಕಾರಿಯವನೂ ತಕ್ಕಡಿ ಕೆಳಗಿಟ್ಟು ಕೈಮುಗಿಯುತ್ತಿದ್ದ. ಒಂದು ದಿನ ಬೆಳಿಗ್ಗೆ ಬಟ್ಟೆ ಒಣಹಾಕುತ್ತಿದ್ದ ಅಂಥ ಅಕ್ಕ, ಕೈಯಲ್ಲಿದ್ದ ಒದ್ದೆ ಟವೆಲ್ಲಿನ ಸಮೇತ ಕುಸಿದಳು. ಲಕ್ವ. ಬಲಗಡೆ ಪೂರ್ತಿ ಹೋಯಿತು, ನಾಲಗೆಯೂ ಹೋಯಿತು. ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನ ಅವಳು ನನ್ನನ್ನು ಕರೆಯಲು ಬಾಯಿ ತೆರೆದಳು, ಬಂದದ್ದು ಬರೀ ಗಾಳಿ. ಭಾವ ಹಿತ್ತಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತರು. ನೀರಿನ ಸದ್ದಿನಲ್ಲಿ ಕೇಳಿಸುವುದಿಲ್ಲ ಎಂದು ಅವರ ಲೆಕ್ಕಾಚಾರ.

ಅವಳಿಗೆ ವ್ಯಾಯಾಮ ಮಾಡಿಸಲು ದಿನವೂ ಹೋಗಬೇಕಿದ್ದ ಆಸ್ಪತ್ರೆ ಇದ್ದದ್ದು ವಿಶ್ವವಿದ್ಯಾಲಯದ ಆಚೆ ಮಗ್ಗುಲಲ್ಲಿ. ಹಿಂದಿನ ಗೇಟಿನಿಂದ ಒಳಹೊಕ್ಕರೆ ಮರಗಳ ಕೆಳಗೆ ಸಿಮೆಂಟಿನ ಕಾಲುದಾರಿ. ಲೈಬ್ರರಿಯ ಹಿಂಭಾಗ ಹಾದು, ಆಟದ ಮೈದಾನ ಬಳಸಿ, ನೇರ ಆಸ್ಪತ್ರೆಯ ಎದುರಿನ ಗೇಟಿಗೆ ತಲುಪಬಹುದಿತ್ತು. ನಮ್ಮ ಬೀದಿಯವರೆಲ್ಲ ನಡೆದು ಬಂದದ್ದು ಅದೇ ದಾರಿಯಲ್ಲಿ. ಹೊರಗಿನಿಂದ ಸುತ್ತಿ ಹೋಗಬೇಕೆಂದರೆ ಮೇಲ್ಸೇತುವೆಯ ಕೆಳಗಿನ ಲಾರಿ ರಸ್ತೆ, ಕಾಲಿಡಲು ಫುಟ್‌ಪಾತ್ ಎಂಬುದೇ ಇಲ್ಲ. ದಿನವೂ ಆಟೋ ಕರೆಸುವವರ ಪೈಕಿ ನಾವಲ್ಲ. ಭಾವ ಅಕ್ಕನನ್ನು ಗಾಲಿ ಕುರ್ಚಿಯಲ್ಲಿ ಕೂರಿಸಿ, ಗಿರಾಕಿಗಳನ್ನು ಕಾಯಿಸಿ, ಬೆಳಿಗ್ಗೆ ಬೆಳಿಗ್ಗೆ ಆ ಕಾಲುದಾರಿಯಲ್ಲಿ ತಳ್ಳಿಕೊಂಡು ಹೋಗುತ್ತಿದ್ದರು.

ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಹುಡುಗಿ ಗಟ್ಟಿಗಿತ್ತಿ. ಕೈಕಾಲು ಎಳೆಸಿ, ನಾಲಗೆ ಹೊರಳಿಸಿ, ಊದಿಸಿ, ನುಂಗಿಸಿ ಅಕ್ಕನಿಗೆ ಬೆವರು ಇಳಿಸುತ್ತಿದ್ದಳು. ಒಂದು ದಿನ ಭಾವನಿಗೆ ಹೇಳಿದಳು, ನಾನು ಇಲ್ಲಿ ಮಾಡಿಸುವುದಕ್ಕಿಂತ ಆ ದಾರಿ ಮುಖ್ಯ, ಅಲ್ಲಿ ನಡೆಸಿ, ನಡೆಯುತ್ತಾ ಮಾತಾಡಿಸಿ ಎಂದು. ಅಂದಿನಿಂದ ಕುರ್ಚಿ ಖಾಲಿ ತಳ್ಳಿಕೊಂಡು ನಾನು ಹಿಂದೆ, ಅಕ್ಕನ ಕಂಕುಳಿಗೆ ಕೈಕೊಟ್ಟು ಭಾವ ಮುಂದೆ. ಮೊದಮೊದಲು ಒಂದು ಮರದಿಂದ ಇನ್ನೊಂದು ಮರಕ್ಕೆ ಹೋಗುವುದೇ ದೊಡ್ಡ ಯಾತ್ರೆ. ಆಮೇಲೆ ಲೈಬ್ರರಿಯ ಗೋಡೆ ಮುಗಿಯುವತನಕ ಬಂದಳು. ಆ ಗೋಡೆಯ ತುದಿಯಲ್ಲಿ ನಿಂತು ಅವಳು ಆಡಿದ ಮೊದಲ ಮಾತು, 'ಸಾಕು.' ಭಾವ ಎಷ್ಟು ಹಿಗ್ಗಿದರೆಂದರೆ ಎದುರು ಬಂದ ಅಪರಿಚಿತ ಹುಡುಗರಿಗೆಲ್ಲ ಹೇಳಿದರು. ಮಾತು ಒಂದೊಂದಾಗಿ, ಸೊಟ್ಟಸೊಟ್ಟಗೆ, ವಾಪಸು ಬರತೊಡಗಿತು.

ಅದೇ ಸಮಯಕ್ಕೆ ಸುದ್ದಿ ಬಂತು: ಕ್ಯಾಂಪಸ್ಸಿನಲ್ಲಿ ಕಳ್ಳತನ ಜಾಸ್ತಿ, ಸುತ್ತ ಎತ್ತರದ ಕಾಂಪೌಂಡು ಕಟ್ಟುತ್ತಾರೆ, ಹಿಂದಿನ ಗೇಟು ಮುಚ್ಚುತ್ತಾರೆ. ಭಾವನ ಕತ್ತರಿ ಮೊದಲ ಸಲ ಮಾತಿಲ್ಲದೆ ಓಡಿದ್ದನ್ನು ನಾನು ಹಲಗೆಯ ಈಚೆಯಿಂದ ಕೇಳಿದೆ. ಗೇಟು ಹೋದರೆ ಅಂಗಡಿಗೆ ಏಟು ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಅವರ ತಲೆಯಲ್ಲಿದ್ದದ್ದು ಅಂಗಡಿಯಲ್ಲ, ಅಕ್ಕನ ಆ ದಾರಿ.

ಸುದ್ದಿಯ ಬೆನ್ನಿಗೇ ಹುಡುಗ ಹುಡುಗಿಯರ ಒಂದು ಗುಂಪು ಬೀದಿಗೆ ಇಳಿಯಿತು, ಜೊತೆಗೆ ಅವರ ಮೇಡಮ್. ವಿಶ್ವವಿದ್ಯಾಲಯದಲ್ಲಿ ಹೊಸ ಪಾಠ ಶುರುವಾಗಿದೆಯಂತೆ. ವಿದ್ಯಾರ್ಥಿಗಳು ಬರೀ ಪುಸ್ತಕ ಓದಿದರೆ ಸಾಲದು, ಊರಿನ ಕಷ್ಟಸುಖದಲ್ಲಿ ಭಾಗಿಗಳಾಗಬೇಕು, ಒಳ್ಳೆಯ ನಾಗರಿಕರಾಗಬೇಕು, ಅದಕ್ಕೂ ಅಂಕ ಉಂಟಂತೆ. ಮೇಡಮ್ ಒಳ್ಳೆಯವರು. ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಮುಂದೆ ಅವರ ಮೇಲೆ ನನಗೆ ಬರುವ ಸಿಟ್ಟು ಅವರು ಕೆಟ್ಟವರೆಂದಲ್ಲ. ನೆಲದ ಮೇಲೆ ಕೂದಲು ಬಿದ್ದಿದ್ದರೂ ಅಲ್ಲಿಯೇ ಸ್ಟೂಲು ಎಳೆದು ಕೂತು ಭಾವನ ಮಾತು ಕೇಳಿದರು. ಅಕ್ಕನನ್ನು ನೋಡಲು ಮನೆಗೂ ಬಂದರು. ನಿಮ್ಮ ಸಮಸ್ಯೆಯನ್ನೇ ಈ ಸಲದ ವಿಷಯ ಮಾಡೋಣ, ನಾಗರಿಕ ಸಭೆ ನಡೆಸೋಣ, ನೀವೆಲ್ಲ ಬರಬೇಕು ಎಂದು ಕರೆದರು.

ಸಭೆ ನಡೆದದ್ದು ವಿಶ್ವವಿದ್ಯಾಲಯದ ಒಳಗೆ, ಅವರದೇ ದೊಡ್ಡ ಹಾಲಿನಲ್ಲಿ. ಬೀದಿಯ ಹೆಚ್ಚಿನವರು ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ವೇದಿಕೆಯ ಹಿಂದೆ ದೊಡ್ಡ ಬ್ಯಾನರು, ಅದರ ಮೇಲೆ ಗೇಟಿನ ಕಮಾನಿನಲ್ಲಿರುವ ಅದೇ ಲಾಂಛನ. ಕೋಟು ಹಾಕಿದ ವಿದ್ಯಾರ್ಥಿಗಳು ಉದ್ದ ಮೇಜಿನ ಹಿಂದೆ ಕೂತಿದ್ದರು, ಒಬ್ಬ ಕುಲಪತಿ, ಒಬ್ಬಳು ಎಂಜಿನಿಯರು, ಒಬ್ಬ ಭದ್ರತೆಯ ಅಧಿಕಾರಿ ಎಂದು ಬರೆದ ಹಲಗೆ ಮುಂದಿಟ್ಟುಕೊಂಡು. ಭಾವನಿಗೆ ಬೀದಿಯ ಪರವಾಗಿ ಅಧ್ಯಕ್ಷ ಎಂಬ ಪಟ್ಟಿಯನ್ನು ಅಂಗಿಗೆ ಚುಚ್ಚಿದರು. ಮೇಡಮ್ ಮೈಕಿನಲ್ಲಿ ಮೊದಲೇ ಹೇಳಿದರು, ಇದು ಅಭ್ಯಾಸದ ಸಭೆ, ಮಕ್ಕಳು ನಿಮ್ಮೊಂದಿಗೆ ಸೇರಿ ಪ್ರಜಾಪ್ರಭುತ್ವ ಕಲಿಯುತ್ತಾರೆ ಎಂದು. ನಾನು ಈ ಕಿವಿಯಾರೆ ಕೇಳಿದೆ. ಭಾವನೂ ಕೇಳಿದರು.

ಬೀದಿಯ ಔಷಧಿ ಅಂಗಡಿಯವರು ಮಾತಾಡಿದರು, ಹಾಲು ಮಾರುವವರು ಮಾತಾಡಿದರು. ಭಾವ ಮಾತಾಡಿದರು, ಎಂದಿನಂತೆ ಬೇಕಾದ್ದಕ್ಕಿಂತ ಹೆಚ್ಚಾಗಿ. ಎಲ್ಲ ಮುಗಿಯುವ ಹೊತ್ತಿಗೆ ಅಕ್ಕ ಎಡಗೈ ಎತ್ತಿದಳು. ಭಾವ ಗಾಬರಿಯಾದರು, ನಾನೂ ಆದೆ. ಅವಳು ಹೊರಗಿನವರ ಎದುರು ಬಾಯಿ ತೆರೆದಿರಲೇ ಇಲ್ಲ. ಒಬ್ಬ ಹುಡುಗಿ ಮೈಕು ತಂದು ಬಾಯಿಯ ಹತ್ತಿರ ಹಿಡಿದಳು. ಅಕ್ಕ ಕುರ್ಚಿಯ ಕೈಹಿಡಿ ಒತ್ತಿ ಎದ್ದು ನಿಂತಳು. ತುಟಿ ಎಳೆದಳು, ನಾಲಗೆ ಹುಡುಕಿದಳು. ಹಾಲಿನಲ್ಲಿ ಎಲ್ಲರೂ ಕಾದರು.

"ನಾನು... ನಡೀಬೇಕು," ಎಂದಳು. ಉಸಿರು ತೆಗೆದುಕೊಂಡಳು. "ಗೇಟು... ಮುಚ್ಬೇಡಿ."

ಕುಲಪತಿಯಾಗಿದ್ದ ಹುಡುಗನ ಕಣ್ಣಲ್ಲಿ ನೀರಿತ್ತು. ಅವನು ಅಕ್ಕಪಕ್ಕದವರೊಂದಿಗೆ ತಲೆ ಸೇರಿಸಿ ಮಾತಾಡಿ, ಎದ್ದು ನಿಂತು, ವಿಶ್ವವಿದ್ಯಾಲಯ ನೆರೆಯವರ ಮಾತನ್ನು ಒಪ್ಪಿದೆ, ಗೇಟು ತೆರೆದೇ ಇರುತ್ತದೆ ಎಂದು ಘೋಷಿಸಿದ. ಚಪ್ಪಾಳೆ ನಿಲ್ಲಲೇ ಇಲ್ಲ. ಮನೆಗೆ ಬರುವ ದಾರಿಯಲ್ಲಿ ಅಕ್ಕ ಕುರ್ಚಿಯಲ್ಲಿ ಕೂರಲು ಒಪ್ಪಲಿಲ್ಲ, ಆ ದಾರಿಯನ್ನು ಪೂರ್ತಿ ನಡೆದೇ ಬಂದಳು. ನಾನು ಅವಳನ್ನು ಅಷ್ಟು ಸಂತೋಷವಾಗಿ ನೋಡಿದ್ದು ಅವಳ ಮದುವೆಯಲ್ಲಿಯೂ ಇಲ್ಲ. ಮರುದಿನ ಭಾವ ಬಂದವರಿಗೆಲ್ಲ ಬಿಟ್ಟಿಯಾಗಿ ಗಡ್ಡ ಕೆರೆದರು. ಬೀದಿ ಅವರನ್ನು ಅಧ್ಯಕ್ಷರೇ ಎಂದು ಕರೆಯತೊಡಗಿತು, ಅವರೂ ಸಂಕೋಚಪಡದೆ ಓಗೊಟ್ಟರು.

ಕೆಲವು ದಿನ ಕಳೆದು ಗೇಟಿನ ಕಂಬಕ್ಕೆ ಒಂದು ಕಾಗದ ಅಂಟಿಸಿದರು. ಕಾಂಪೌಂಡಿನ ವಿಚಾರದಲ್ಲಿ ಆಕ್ಷೇಪ ಇರುವ ನೆರೆಯವರು ಇಂಥ ದಿನ ಮುಖ್ಯ ಕಚೇರಿಗೆ ಬಂದು ಹೇಳಬಹುದು ಎಂದು ಅದರಲ್ಲಿತ್ತು. ಔಷಧಿ ಅಂಗಡಿಯವರು ಓದಿ ಅಂಗಡಿಗೆ ಬಂದರು, ಹೋಗಿ ಬರೋಣವೇ ಎಂದು ಕೇಳಿದರು. ಹಾಲಿನವರೂ ಹೊರಟು ನಿಂತಿದ್ದರು. ಭಾವ ಇಬ್ಬರನ್ನೂ ತಡೆದರು. ನಮ್ಮದು ತೀರ್ಮಾನವಾಗಿದೆ, ಅವರೇ ಒಪ್ಪಿದ್ದಾರೆ. ಈಗ ಮತ್ತೆ ಹೋಗಿ ಕೇಳಿದರೆ ಅವರ ಮಾತಿನ ಮೇಲೆ ನಮಗೆ ನಂಬಿಕೆ ಇಲ್ಲ ಅಂತಾಗುತ್ತದೆ, ಬೇಜಾರು ಮಾಡಿಕೊಂಡಾರು ಎಂದರು. ಓದಿದವರನ್ನು ಅನುಮಾನಿಸುವುದು ಮರ್ಯಾದೆಯಲ್ಲ ಎಂಬುದು ಅವರ ಅಭಿಪ್ರಾಯ. ಅಧ್ಯಕ್ಷರ ಮಾತು ಯಾರೂ ಮೀರಲಿಲ್ಲ. ಆ ದಿನ ಬೀದಿಯಿಂದ ಒಂದು ನರಪಿಳ್ಳೆಯೂ ಕಚೇರಿಗೆ ಹೋಗಲಿಲ್ಲ.

ಗೇಟನ್ನು ಕಿತ್ತದ್ದು ಮಧ್ಯಾಹ್ನ. ಭಾವ ಒಬ್ಬರ ಅರ್ಧ ಗಡ್ಡ ಕೆರೆದಿದ್ದರು. ಕಬ್ಬಿಣದ ಸದ್ದು ಕೇಳಿ ನೊರೆ ಹತ್ತಿದ ಕೈಯಲ್ಲೇ ಓಡಿದರು, ಹಿಂದೆ ನಾನು. ಮೇಸ್ತ್ರಿಗಳು ಇಟ್ಟಿಗೆ ಇಳಿಸುತ್ತಿದ್ದರು. ಭಾವ ಅವರಿಗೆ ನಗುತ್ತಲೇ ಹೇಳಿದರು, ಏನೋ ತಪ್ಪಾಗಿದೆ, ಇದು ಬೇರೆ ಗೇಟಿರಬೇಕು, ನಿಮ್ಮ ಮೇಲಿನವರನ್ನು ಕೇಳಿ ಎಂದು. ವಾಚ್‌ಮನ್ ನಮ್ಮ ಅಂಗಡಿಯ ಗಿರಾಕಿಯೇ. ಅವನು ಭಾವನ ಮುಖ ನೋಡದೆ, ಹೋಗಿ ಸಾರ್, ನನ್ನ ಕೈಲಿ ಏನಿಲ್ಲ ಎಂದ. ಮುಖ್ಯ ಕಚೇರಿಯಲ್ಲಿ ಒಬ್ಬರು ಕಡತ ತೆರೆದು ಸಮಾಧಾನವಾಗಿಯೇ ತಿಳಿಸಿದರು: ನೆರೆಯವರನ್ನು ಕರೆದಿದ್ದೆವು, ಯಾರೂ ಬರಲಿಲ್ಲ, ಯಾರ ಆಕ್ಷೇಪವೂ ಇಲ್ಲ, ವಾಯಿದೆ ಮುಗಿಯಿತು. ಸಭೆ ನಡೆಯಿತಲ್ಲ ಎಂದು ಭಾವ ಹೇಳಿದಾಗ ಅವರಿಗೆ ಯಾವ ಸಭೆ ಎಂದೇ ಹೊಳೆಯಲಿಲ್ಲ.

ಅಲ್ಲಿಂದ ನೇರ ಮೇಡಮ್ಮರ ಕೋಣೆಗೆ ಹೋದೆವು. ಸಣ್ಣ ಕೋಣೆ, ಇಬ್ಬರು ಕೂರುವ ಮೇಜು, ಗೋಡೆಯ ತುಂಬ ಆ ಸಭೆಯ ಫೋಟೋಗಳು. ವಿಷಯ ಕೇಳಿ ಅವರ ಮುಖ ಬಿಳಿಚಿತು. ನಾನು ಮೊದಲೇ ಹೇಳಿದ್ದೆನಲ್ಲ, ಅದು ಅಭ್ಯಾಸ ಅಂತ, ಎಂದು ಮೆಲ್ಲಗೆ ಅಂದರು.

ಭಾವ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

"ಹೌದು ಮೇಡಮ್, ಅಭ್ಯಾಸ ಅಂದ್ರಿ. ನಾನೂ ನಮ್ಮಪ್ಪನ ಅಂಗಡೀಲಿ ಅಭ್ಯಾಸ ಮಾಡ್ದೋನೇ. ಜನರ ತಲೆ ಮೇಲೇ ಮಾಡಿದ್ದು. ಕಲಿಯೋನು ಕತ್ತರಿಸಿದ್ರೂ ಕೂದಲು ಬೀಳತ್ತಲ್ವಾ? ಆಸ್ಪತ್ರೇಲಿ ಕಲಿಯೋ ಹುಡ್ಗೀರು ಚುಚ್ಚಿದ್ರೂ ಇಂಜೆಕ್ಷನ್ ಇಂಜೆಕ್ಷನ್ನೇ. ಮಕ್ಕಳು ಸಭೆ ಮಾಡೋದು ಕಲೀತಿದಾರೆ, ತೀರ್ಮಾನ ಮಾತ್ರ ತೀರ್ಮಾನವೇ ಅಂದ್ಕೊಂಡೆ."

 ಮೇಡಮ್ ತಮ್ಮ ಸಂಗತಿ ಹೇಳಿಕೊಂಡರು. ಅವರೇ ಗುತ್ತಿಗೆಯ ಮೇಲಿರುವವರು. ಕಾಂಪೌಂಡು ಕಟ್ಟುವವರ ಕೋಣೆಗೆ ಅವರಿಗೂ ಪ್ರವೇಶವಿಲ್ಲ. ಮೇಲಿನವರಿಗೆ ಬರೆದು ನೋಡುತ್ತೇನೆ ಎಂದರು. ಬರೆದರೂ ಬರೆದರಂತೆ, ಉತ್ತರ ಬರಲಿಲ್ಲ. ನಾವು ಹೊರಡುವಾಗ ಅವರು ಇನ್ನೊಂದು ಮಾತು ಹೇಳಿದರು. ನೀವು ಒಂದು ದಿನ ತರಗತಿಗೆ ಬಂದು ಇದನ್ನೇ ವಿದ್ಯಾರ್ಥಿಗಳಿಗೆ ಹೇಳಬೇಕು, ಅವರಿಗೆ ಇದಕ್ಕಿಂತ ದೊಡ್ಡ ಪಾಠ ಸಿಗುವುದಿಲ್ಲ ಎಂದರು. ನನ್ನ ಮೈ ಉರಿದುಹೋಯಿತು. ಮಕ್ಕಳಿಗೆ ಪಾಠವಾಗಲಿ ಎಂದು ನಮ್ಮ ಅಕ್ಕ ಮೂಲೆ ಸೇರಬೇಕಿತ್ತೇ? ಭಾವ ಮಾತ್ರ ಆಗಲಿ ಎಂದು ತಲೆಯಾಡಿಸಿ, ಗೊತ್ತುಮಾಡಿದ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ ಹೇಳಿಬಂದರು. ಮಕ್ಕಳು ಬಹಳ ನೊಂದುಕೊಂಡರಂತೆ. ಒಬ್ಬಳು ಅತ್ತಳಂತೆ. ಗಂಟೆ ಹೊಡೆದ ಮೇಲೆ ಮುಂದಿನ ತರಗತಿಗೆ ಹೋದರಂತೆ.

ಭಾವ ಬೀದಿಯವರನ್ನು ಸೇರಿಸಲು ನೋಡಿದರು. ಎಲ್ಲರೂ ಒಟ್ಟಾಗಿ ಹೋಗೋಣ, ಗೋಡೆಯ ಮುಂದೆ ಕೂರೋಣ ಎಂದರು. ಹೋಗೋಣವೆಂದು ಹೊರಟಾಗ ಬೇಡವೆಂದವರು ನೀವೇ ಅಲ್ಲವೇ ಎಂದು ಔಷಧಿ ಅಂಗಡಿಯವರು ಮುಖಕ್ಕೆ ಹೊಡೆದಂತೆ ಕೇಳಿದರು. ಒಬ್ಬರೂ ಬರಲಿಲ್ಲ. ಅಧ್ಯಕ್ಷರೇ ಎಂಬ ಕರೆ ಉಳಿಯಿತು, ಅದರ ದನಿ ಬದಲಾಯಿತು. ಹಾಸ್ಟೆಲಿನ ಹುಡುಗರು ಬರುವುದು ನಿಂತು ಒಂದು ಕುರ್ಚಿಯ ಮೇಲೆ ಧೂಳು ಕೂತಿತು. ಗೋಡೆ ನೋಡನೋಡುತ್ತಲೇ ಎದ್ದು ನಿಂತಿತು, ಅದರ ತಲೆಯ ಮೇಲೆ ಗಾಜಿನ ಚೂರು ನೆಟ್ಟರು. ಭಾವ ಅಂಗಡಿಯ ಕನ್ನಡಿಯ ಮೇಲುಭಾಗಕ್ಕೆ ಹಳೆಯ ಕ್ಯಾಲೆಂಡರು ಕಟ್ಟಿದರು, ಕತ್ತರಿಸುವಾಗ ಕನ್ನಡಿಯಲ್ಲಿ ಆ ಗೋಡೆ ಕಾಣದಿರಲಿ ಎಂದು.

ಅಕ್ಕನಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಮೊದಲ ದಿನ ಭಾವ ಗೇಟು ರಿಪೇರಿಯಲ್ಲಿದೆ ಎಂದುಬಿಟ್ಟರು. ಆಮೇಲೆ ದಾರಿಯ ಸಿಮೆಂಟು ಅಗೆದಿದ್ದಾರೆ ಎಂದರು. ಆಮೇಲೆ ಪೈಪು ಒಡೆದಿದೆ. ಮನೆ ಬೀದಿಯ ಒಳಗಡೆ, ತಿರುವಿನಲ್ಲಿದ್ದದ್ದರಿಂದ ಗೋಡೆ ಅವಳ ಕಣ್ಣಿಗೆ ಬೀಳುತ್ತಿರಲಿಲ್ಲ. ಅವಳನ್ನು ನೋಡಲು ಬರುವವರಿಗೆಲ್ಲ ಬಾಗಿಲಲ್ಲೇ ಪಾಠ ಒಪ್ಪಿಸಿ ಒಳಗೆ ಬಿಡುತ್ತಿದ್ದೆ. ಬಂದವರೆಲ್ಲ ರಿಪೇರಿ ಎಂದರು. ಭಾವನ ಮೇಲೆ ಹಲ್ಲು ಕಡಿಯುತ್ತಿದ್ದ ಔಷಧಿ ಅಂಗಡಿಯವರೂ ರಿಪೇರಿ ಎಂದರು. ನಮ್ಮ ಬೀದಿ ಒಗ್ಗಟ್ಟಿನಿಂದ ಮಾಡಿದ ಕೆಲಸ ಏನಾದರೂ ಇದ್ದರೆ ಅದೊಂದೇ.

ಅಷ್ಟರಲ್ಲಿ ಅಕ್ಕನ ಕಾಲು ಮತ್ತೆ ಬಿಗಿಯತೊಡಗಿತು. ಹಜಾರದಲ್ಲಿ ಗೋಡೆಯಿಂದ ಗೋಡೆಗೆ ನಡೆಸಿದೆವು. ನಾಲ್ಕು ಹೆಜ್ಜೆಗೆ ಬಾಗಿಲು ಬರುತ್ತಿತ್ತು, ಅವಳಿಗೆ ಬೇಸರ ಬರುತ್ತಿತ್ತು. ಆಸ್ಪತ್ರೆಗೆ ಅಪರೂಪಕ್ಕೊಮ್ಮೆ, ಗೋಡೆ ಕಾಣದಂತೆ ಬೀದಿಯ ಇನ್ನೊಂದು ತುದಿಯಿಂದ, ಆಟೋದಲ್ಲಿ ಎತ್ತಿ ಕೂರಿಸಿಕೊಂಡು ಹೋಗುತ್ತಿದ್ದೆವು, ಕ್ರಮೇಣ ಅದೂ ತಪ್ಪಿತು. ಮಾತು ಮಾತ್ರ ಉಳಿದಿತ್ತು. ಬೆಳಿಗ್ಗೆ ಭಾವ ಅಂಗಡಿಗೆ ಹೊರಟಾಗ ದಿನವೂ ಒಂದೇ ಪ್ರಶ್ನೆ, ರಿಪೇರಿ ಆಯಿತೇ ಎಂದು. ಇವತ್ತು ನಾಳೆ ಎಂದು ಭಾವ ಚಪ್ಪಲಿ ಮೆಟ್ಟುತ್ತಿದ್ದರು. ತಾನು ಗೆದ್ದ ಗೇಟು, ಕಾಯುವುದಕ್ಕೆ ಅವಳಿಗೆ ತೊಂದರೆ ಇರಲಿಲ್ಲ.

ಮುಂದಿನ ವರ್ಷದ ಪಾಠ ಶುರುವಾಯಿತು. ಹೊಸ ಗುಂಪು ಬಂತು. ಬೀದಿಯಲ್ಲಿ ಯಾರೂ ಅವರಿಗೆ ಮುಖ ಕೊಡಲಿಲ್ಲ. ನಾನು ಮನೆಯಲ್ಲಿ ಅಕ್ಕನ ಕೂದಲು ಬಾಚುತ್ತಿದ್ದೆ, ಬಾಗಿಲು ತೆರೆದಿತ್ತು. ಇಬ್ಬರು ಹುಡುಗಿಯರು ಚಪ್ಪಲಿ ಕಳಚಿ ಒಳಬಂದೇಬಿಟ್ಟರು. ಇಬ್ಬರ ಮುಖವೂ ಅರಳಿತ್ತು. ಒಬ್ಬಳು ಅಕ್ಕನ ಮುಂದೆ ಮಂಡಿಯೂರಿ ಕೂತು ಅವಳ ಎಡಗೈ ಹಿಡಿದುಕೊಂಡಳು.

"ಅಮ್ಮಾ, ನೀವು ಮಾತಾಡಿದ್ದು ವೀಡಿಯೊ ಇದೆ, ನಮಗೆ ಕ್ಲಾಸಲ್ಲಿ ತೋರಿಸ್ತಾರೆ. ಆಮೇಲೆ ಗೇಟು ಮುಚ್ಚಿ ಗೋಡೆ ಕಟ್ಟಿದ್ರೂ ನೀವು ಎದ್ದು ಮಾತಾಡಿದ್ರಲ್ಲ, ಅದು ದೊಡ್ಡದು ಅಂತ ಮೇಡಮ್ ಹೇಳ್ತಾರೆ. ಈ ಸಲದ ಸಭೆಗೂ ಬರ್ತೀರಾ?"

ನನ್ನ ಕೈಯಲ್ಲಿದ್ದ ಬಾಚಣಿಗೆ ಅಲ್ಲೇ ನಿಂತಿತು. ಹುಡುಗಿಯರನ್ನು ಹೇಗೆ ಹೊರಗೆ ಕಳಿಸಿದೆನೋ ನೆನಪಿಲ್ಲ, ಬೈದೆನೆಂದು ಕಾಣುತ್ತದೆ. ಪಾಪ, ಅವರಿಗೇನು ಗೊತ್ತು.  ಭಾವ ಊಟಕ್ಕೆ ಬರುವತನಕ ಅಕ್ಕ ಹಾಗೆಯೇ ಕೂತಿದ್ದಳು. ಇಷ್ಟು ದಿನ ಸುಳ್ಳು ಹೇಳಿದ್ದಕ್ಕೆ ಉಗಿದು ಉಪ್ಪಿನಕಾಯಿ ಹಾಕುತ್ತಾಳೆ ಎಂದುಕೊಂಡೆ, ಹಾಗೇ ಆಗಲಿ ಎಂದೂ ಆಸೆಪಟ್ಟೆ. ಬಾಗಿಲಲ್ಲಿ ನನ್ನ ಮುಖ ನೋಡಿಯೇ ಭಾವನಿಗೆ ತಿಳಿಯಿತು. ಅವರು ಅಕ್ಕನ ಮುಂದೆ ನೆಲದ ಮೇಲೆ ಕೂತರು.

ಅಕ್ಕ ತುಟಿ ಎಳೆದು, ಒಂದೊಂದೇ ಮಾತು ಜೋಡಿಸಿದಳು. "ರೀ... ನಾನ್ ಹೇಳಿದ್ದು... ಅವರಿಗೆ ತಿಳೀಲಿಲ್ವಾ?"

ಸುಳ್ಳಿನ ಕಡೆಗೆ ಅವಳ ಗಮನವೇ ಹೋಗಿರಲಿಲ್ಲ. ತನ್ನ ಸೊಟ್ಟ ನಾಲಗೆಯಿಂದಾಗಿ, ತಾನು ತೊದಲಿದ್ದರಿಂದಾಗಿ ಬೀದಿಯ ಗೇಟು ಹೋಯಿತು ಎಂದು ಅವಳು ಅಷ್ಟು ಹೊತ್ತು ಕೂತು ಲೆಕ್ಕ ಹಾಕಿದ್ದಳು.

"ಇಲ್ಲ ಕಣೆ," ಎಂದರು ಭಾವ. "ಚೆನ್ನಾಗಿ ತಿಳೀತು. ಎಲ್ರಿಗೂ ತಿಳೀತು."

ಅಕ್ಕ ಅವರ ಮುಖವನ್ನೇ ನೋಡಿದಳು. "ಮತ್ತೆ?" ಎಂದಳು.

ಊರಿಗೆಲ್ಲ ಮಾತು ಹಂಚಿದ ನಮ್ಮ ಭಾವನ ಬಾಯಿಂದ ಒಂದು ಅಕ್ಷರವೂ ಹೊರಡಲಿಲ್ಲ.  ಅಕ್ಕ ಕಾದಳು. ಆ ಹಾಲಿನಲ್ಲಿ ಎಲ್ಲರೂ ಅವಳಿಗಾಗಿ ಕಾದಿದ್ದಕ್ಕಿಂತ ಹೆಚ್ಚೇ ಕಾದಳು. ಆಮೇಲೆ ತಲೆಯಾಡಿಸಿ, ಊಟ ಬಡಿಸು ಎಂದು ನನಗೆ ಕಣ್ಣಲ್ಲೇ ಸನ್ನೆ ಮಾಡಿದಳು.

ಅಂದಿನಿಂದ ಅವಳು ಮಾತಾಡಿಲ್ಲ. ಬರುವುದಿಲ್ಲ ಎಂದಲ್ಲ, ಡಾಕ್ಟರೂ ಹಾಗೇ ಹೇಳಿದರು, ಆಡಿದರೆ ಬರುತ್ತದೆ ಎಂದು. ಬೇಕಾದ್ದನ್ನು ಎಡಗೈಯಲ್ಲಿ ತೋರಿಸುತ್ತಾಳೆ, ನಾವು ತಂದುಕೊಡುತ್ತೇವೆ.